ಅಪ್ಪನ ಜೊಂಗಾಕ್ಕೆ ಇನ್ಶೂರೆನ್ಸ್ ಹುಡುಕಿಕೊಂಡು

ನಮಸ್ಕಾರ. ಈಗ ನೋಡ್ತಿದ್ದೀರಲ್ಲ, ಇದು ಸಕಲೇಶಪುರದ ಹತ್ತಿರ ನಮ್ಮ ಮಾವನ ಕಾಫಿ ತೋಟದ ಶೆಡ್. ಟಾರ್ಪಾಲಿನ ಕೆಳಗೆ ನಿಂತಿರೋದು ಜೊಂಗಾ. ಮಿಲಿಟರಿ ಡಿಸ್ಪೋಸಲ್ ಗಾಡಿ, ಅಂದ್ರೆ ಸೈನ್ಯ ಬಳಸಿ ಮಾರಿದ ಜೀಪಿನಂಥ ಗಾಡಿ. ಮಾವ ಇದನ್ನು 1996ರಲ್ಲಿ ಹರಾಜಿನಲ್ಲಿ ತಂದರು. ಮರುವರ್ಷ ರಿಜಿಸ್ಟರ್ ಆಯಿತು. ಹನ್ನೆರಡು ವರ್ಷ ತೋಟದಲ್ಲಿ ದುಡಿಯಿತು. 2009ರಲ್ಲಿ ಶೆಡ್ ಸೇರಿದ್ದು ಮತ್ತೆ ಹೊರಗೆ ಬಂದಿರಲಿಲ್ಲ.

ನಮ್ಮ ಅಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದರು. ಆರ್ಮಿ ಸರ್ವಿಸ್ ಕೋರ್. ಬೆಂಗಳೂರಿನ ಸೆಂಟರಿನಲ್ಲೇ ಟ್ರೈನಿಂಗ್. ಹದಿನೇಳು ವರ್ಷ ಓಡಿಸಿದ್ದಾರೆ, ಅದರಲ್ಲಿ ಜಾಸ್ತಿ ವರ್ಷ ಜೊಂಗಾ. ಹಾಗಾಗಿ ಮಾವ ಒಂದು ದಿನ "ತಗೊಂಡು ಹೋಗೋ, ನಿಮ್ಮಪ್ಪ ಇರೋವಾಗಲೇ ಓಡಲಿ" ಅಂದಾಗ ನಾನು ಎರಡು ಸಲ ಯೋಚಿಸಲಿಲ್ಲ.

ಜೊಂಗಾ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ನಿಸ್ಸಾನ್ ಪ್ಯಾಟ್ರೋಲ್ 60 ಅನ್ನೋ ಜಪಾನಿನ ಗಾಡಿಯನ್ನು ಲೈಸೆನ್ಸ್ ಪಡೆದು ನಮ್ಮ ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ಕಟ್ಟುತ್ತಿದ್ದರು. 1969ರಿಂದ ಸುಮಾರು ಮೂವತ್ತು ವರ್ಷ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, 3956 ಸಿಸಿ. ಈ ಸಿಸಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 2019ರಲ್ಲಿ ಧೋನಿ ರಾಂಚಿಯಲ್ಲಿ ಓಡಿಸಿದ ಹಸಿರು ಗಾಡಿಯ ಫೋಟೋ ನೋಡಿದ್ದರೆ, ಅದೇ ಇದು.

ಮೆಕ್ಯಾನಿಕ್ ಕೆಲಸಕ್ಕೆ ಇನ್ನೊಂದು ವಿಡಿಯೋ ಇದೆ. ಇವತ್ತು ಪೂರ್ತಿ ಇನ್ಶೂರೆನ್ಸ್ ವಿಷಯ. ಎಂಜಿನ್ ಎಬ್ಬಿಸೋಕೆ ಹನ್ನೊಂದು ದಿನ ಸಾಕಾಯಿತು. ಇನ್ಶೂರೆನ್ಸ್‌ಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಫೋನಿನಲ್ಲೇ ಮಾಡೋಣ ಅಂದುಕೊಂಡೆ. ಗಾಡಿ ನಂಬರ್ ಹಾಕಿದೆ, ದಾಖಲೆ ಸಿಗಲಿಲ್ಲ. ನಮ್ಮದು ಹಳೇ ಕಾಗದದ ಆರ್‌ಸಿ ಪುಸ್ತಕ. ಕಂಪನಿ ಹೆಸರು ಆರಿಸಿ ಅಂತ ಬಂತು. ನಿಸ್ಸಾನ್ ಇದೆ, ಆದರೆ ಅದರ ಕೆಳಗೆ ಜೊಂಗಾ ಇಲ್ಲ. ಸುಮ್ನೆ ಯಾವುದೋ ಹತ್ತಿರದ ಮಾಡೆಲ್ ಹಾಕಿಬಿಡಿ ಅಂತ ಒಬ್ಬ ಏಜೆಂಟ್ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ನಾಳೆ ಅಪಘಾತ ಆಗಿ ಪಾಲಿಸಿಯಲ್ಲಿ ಒಂದು ಗಾಡಿ, ರಸ್ತೆಯಲ್ಲಿ ಇನ್ನೊಂದು ಗಾಡಿ ಅಂತಾದರೆ, ಪೆಟ್ಟು ತಿಂದವರು ಪರಿಹಾರಕ್ಕೆ ಕೋರ್ಟಿಗೆ ಅಲೆಯಬೇಕು.

ಆಮೇಲೆ ಆರ್‌ಟಿಒಗೆ ಹೋದೆ. ಆರ್‌ಸಿ ಅವಧಿ 2012ರಲ್ಲೇ ಮುಗಿದಿತ್ತು. ರಿನ್ಯೂವಲ್‌ಗೆ ಏನು ಬೇಕು ಅಂತ ಕೇಳಿದೆ. ಮೊದಲು ಚಾಲ್ತಿ ಇನ್ಶೂರೆನ್ಸ್ ತನ್ನಿ ಅಂದರು. ಇನ್ಶೂರೆನ್ಸ್ ಆಫೀಸಿಗೆ ಹೋದರೆ, ಆರ್‌ಸಿ ರಿನ್ಯೂ ಮಾಡಿಸಿಕೊಂಡು ಬನ್ನಿ ಅಂದರು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಸ್ಥಿತಿ. ಮೂರು ಕಂಪನಿ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು.

ಒಂದು ಸಂಜೆ ಇದನ್ನೆಲ್ಲ ಅಪ್ಪನಿಗೆ ಹೇಳುತ್ತಾ ಕೂತಿದ್ದೆ. "ನಾವು ಓಡಿಸುವಾಗ ಇನ್ಶೂರೆನ್ಸ್ ಅನ್ನೋದೇ ಇರಲಿಲ್ಲವಲ್ಲ" ಅಂದರು. ನಾನು ನಂಬಲಿಲ್ಲ. ಹುಡುಕಿ ಓದಿದೆ. ನಿಜ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ರಸ್ತೆಗೆ ಇಳಿಯುವ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದ್ರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಗೆ ಇನ್ಶೂರೆನ್ಸ್, ಇರಲೇಬೇಕು. ಅದೇ ಸೆಕ್ಷನ್ನಿನಲ್ಲಿ ಸರ್ಕಾರದ ಗಾಡಿಗೆ ವಿನಾಯಿತಿ ಇದೆ, ವ್ಯಾಪಾರಕ್ಕೆ ಬಳಸದಿದ್ದರೆ. ಸೈನ್ಯದ ಗಾಡಿ ಯಾರಿಗಾದರೂ ಗುದ್ದಿದರೆ ಹಿಂದೆ ಸರ್ಕಾರವೇ ನಿಂತಿರುತ್ತೆ. ನನ್ನ ಹಿಂದೆ ಯಾರೂ ಇಲ್ಲ. ಎರಡು ಟನ್ ಹತ್ತಿರದ ಕಬ್ಬಿಣ, ಪವರ್ ಸ್ಟೀರಿಂಗ್ ಇಲ್ಲ, ಹಳೇ ಡ್ರಮ್ ಬ್ರೇಕು, ಎದುರಿಗೆ ಶಿರಾಡಿ ಘಾಟಿನ ತಿರುವು. ಆ ತಿರುವಿನಲ್ಲಿ ಬರುವ ಬೈಕಿನವನಿಗೆ ಏನಾದರೂ ಆದರೆ ಅವನ ಮನೆಯವರಿಗೆ ನಾನು ಏನು ಕೊಡಬಲ್ಲೆ? ಅವತ್ತಿನಿಂದ ಇದು ನನಗೆ ಬರೀ ಕಾಗದದ ಕೆಲಸ ಅನಿಸಲಿಲ್ಲ. ಪಾಲಿಸಿ ಬರುವವರೆಗೆ ಗಾಡಿ ತೋಟದ ಗೇಟ್ ದಾಟಬಾರದು ಅಂತ ಅಪ್ಪನೂ ನಾನೂ ತೀರ್ಮಾನ ಮಾಡಿದೆವು.

ಕೊನೆಗೆ ದಾರಿ ಸಿಕ್ಕಿದ್ದು ಸರ್ಕಾರಿ ಸ್ವಾಮ್ಯದ ಒಂದು ಕಂಪನಿಯ ಚಿಕ್ಕ ಶಾಖೆಯಲ್ಲಿ. ಅಲ್ಲಿನ ಮ್ಯಾನೇಜರ್ ಮೇಡಂ ಎಲ್ಲ ಕಾಗದ ತನ್ನಿ ಅಂದರು. ನಾನು ಮಾವನ ಕಬ್ಬಿಣದ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದೆ. ಅದರಲ್ಲಿ ಆರ್‌ಸಿ ಪುಸ್ತಕ, ಹಳೇ ಟ್ಯಾಕ್ಸ್ ಚೀಟಿ, ಎಲ್ಲಕ್ಕಿಂತ ಮುಖ್ಯವಾಗಿ ಫಾರ್ಮ್ 21. ಸೈನ್ಯ ಗಾಡಿ ಮಾರಿದಾಗ ಕೊಡುವ ಸೇಲ್ ಸರ್ಟಿಫಿಕೇಟ್ ಅದು. ಮಡಿಕೆಯಲ್ಲಿ ಹರಿದಿತ್ತು, ಸೀಲ್ ಮಾತ್ರ ಚೆನ್ನಾಗಿ ಉಳಿದಿತ್ತು. ಡಿಸ್ಪೋಸಲ್ ಗಾಡಿ ಕೊಳ್ಳುವ ಯೋಚನೆ ಇರುವವರು ಮೊದಲು ಈ ಕಾಗದ ಕೇಳಿ, ಎಂಜಿನ್ ಆಮೇಲೆ ನೋಡಿ.

ಮೇಡಂ ಕೇಳಿದ ಮೊದಲ ಪ್ರಶ್ನೆ: "ಡೀಸೆಲ್ ಎಂಜಿನ್ ಹಾಕಿಸಿದ್ದೀರಾ?" ಜೊಂಗಾ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಟ್ಟರೆ ದೊಡ್ಡದು. ಅದಕ್ಕೆ ಬಹಳ ಜನ ಡೀಸೆಲ್ ಎಂಜಿನ್ ಕೂರಿಸಿದ್ದಾರೆ, ಆರ್‌ಸಿಯಲ್ಲಿ ಬದಲಾಯಿಸಿರಲ್ಲ. ಎಂಜಿನ್ ನಂಬರ್ ಹೊಂದದಿದ್ದರೆ ಮುಂದೆ ಹೋಗೋದೇ ಇಲ್ಲ ಅಂದರು. ನಮ್ಮದು ಮೂಲ ಎಂಜಿನ್. ಹಾಗಾದರೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತನ್ನಿ ಅಂದರು.

ಈ ಶಾಟ್ ಅದೇ. ಚಾಸಿಸ್ ಮೇಲೆ ಬಿಳಿ ಬಣ್ಣ, ಅದರ ಕೆಳಗೆ ಗ್ರೀಸು, ಅದರ ಕೆಳಗೆ ಸೈನ್ಯದ ಹಸಿರು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೆತ್ತಗೆ ಕೆರೆದು, ತೆಳು ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಉಜ್ಜಿದೆ. ಒಂದೊಂದೇ ಅಂಕಿ ಬಿಳಿಯಾಗಿ ಎದ್ದು ಬಂತು. ಒಂದು ಅಂಕಿ ಮೂರೋ ಎಂಟೋ ಗೊತ್ತಾಗಲಿಲ್ಲ. ನಾಲ್ಕು ಕಾಗದ ಹಾಳಾಯಿತು. ಐದನೆಯದಕ್ಕೆ ಅಪ್ಪ ಬಂದು ಹಳೇ ಟೂತ್ ಬ್ರಷ್ಷಿನಲ್ಲಿ ಗುಳಿಯ ತುಕ್ಕು ತೆಗೆದರು. ಎಂಟು.

ಅದೇ ದಿನ ಮುಂದಿನ ಬಂಪರ್ ಉಜ್ಜುವಾಗ ಬಿಳಿ ಬಣ್ಣದ ಕೆಳಗಿನಿಂದ ಒಂದು ಬಾಣ ಕಾಣಿಸಿತು. ಮೇಲ್ಮುಖವಾದ ಬಾಣ, ಪಕ್ಕದಲ್ಲಿ 79. ಸೈನ್ಯದ ನಂಬರು. ಆ ಎರಡು ಅಂಕಿ ಗಾಡಿ ಸೈನ್ಯಕ್ಕೆ ಸೇರಿದ ವರ್ಷ. ಅಪ್ಪ ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ನಾನು ಕ್ಯಾಮೆರಾ ಆಫ್ ಮಾಡಿದೆ.

ಇಡೀ ಗಾಡಿಗೆ ಮತ್ತೆ ಆ ಹಸಿರು ಬಳಿಸಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಆಗಲ್ಲ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲಿ ಹಾಗೇ ಇದೆ. ನಮ್ಮ ಆರ್‌ಸಿಯಲ್ಲಿ ಇರೋದು ಬಿಳಿ. ಹಾಗಾಗಿ ಬಿಳಿಯೇ ಇರಲಿ. ಬಾಣದ ಫೋಟೋ ತೆಗೆದು, ಅದರ ಮೇಲೂ ಬಿಳಿ ಬಳಿದೆ.

ಮೇಡಂ ಎಲ್ಲ ಕಾಗದ ಸೇರಿಸಿ ಮೇಲಿನ ಆಫೀಸಿಗೆ ಕಳಿಸಿದರು. ಮೂರು ವಾರದ ಮೇಲೆ ಒಪ್ಪಿಗೆ ಬಂತು. ಆರ್‌ಸಿ ಮಾವನ ಹೆಸರಿನಲ್ಲಿ ಇದ್ದಿದ್ದರಿಂದ ಪಾಲಿಸಿ ಮೊದಲು ಅವರ ಹೆಸರಿನಲ್ಲೇ ಆಯಿತು. ಥರ್ಡ್ ಪಾರ್ಟಿ ಪ್ರೀಮಿಯಂ ಕಂಪನಿ ಇಷ್ಟಬಂದಂತೆ ಹಾಕೋ ಹಾಗಿಲ್ಲ, ಸರ್ಕಾರ ನಿಗದಿ ಮಾಡುತ್ತೆ. 2022ರ ಜೂನ್ ದರದ ಪ್ರಕಾರ 1500 ಸಿಸಿ ಮೀರಿದ ಖಾಸಗಿ ಕಾರಿಗೆ ವರ್ಷಕ್ಕೆ 7,897 ರೂಪಾಯಿ. ಜೊಂಗಾ ಆದರೇನು, ಇವತ್ತಿನ ದೊಡ್ಡ ಎಸ್‌ಯುವಿ ಆದರೇನು, ಒಂದೇ ದರ. ಇದರಲ್ಲಿ ಜೀವಹಾನಿಗೆ, ಗಾಯಕ್ಕೆ ಪರಿಹಾರದ ಮಿತಿ ಇಲ್ಲ. ಬೇರೆಯವರ ಆಸ್ತಿಗೆ ಏಳೂವರೆ ಲಕ್ಷದವರೆಗೆ.

ಗಾಡಿಯ ಸ್ವಂತ ಹಾನಿಗೆ ಪಾಲಿಸಿ ಕೊಡೋಕೆ ಅವರು ಒಪ್ಪಲಿಲ್ಲ. ಬಿಡಿಭಾಗ ಎಲ್ಲಿಂದ ತರೋದು, ರಿಪೇರಿ ಬಿಲ್ಲು ಹೇಗೆ ಅಂದಾಜು ಮಾಡೋದು ಅಂತ ಅವರ ಪ್ರಶ್ನೆ. ಅದು ನ್ಯಾಯವೇ. ಆದರೆ ಮೇಡಂ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಥರ್ಡ್ ಪಾರ್ಟಿ ಜೊತೆಗೆ ಬೆಂಕಿ ಮತ್ತು ಕಳ್ಳತನ ಮಾತ್ರ ಸೇರಿಸಿಕೊಳ್ಳಬಹುದಂತೆ. ಹಳೇ ಪೆಟ್ರೋಲ್ ಗಾಡಿ, ನಲವತ್ತು ವರ್ಷದ ವೈರಿಂಗು. ನನಗೆ ಬೇಕಿದ್ದಿದ್ದೇ ಅದು. ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳಬೇಕು. ಸರ್ವೇಯರ್ ತೋಟಕ್ಕೇ ಬಂದು ನೋಡಿ, ಫೋಟೋ ತೆಗೆದು ಬೆಲೆ ಬರೆದರು.

ಪಾಲಿಸಿ ಹಿಡಿದು ಆರ್‌ಟಿಒಗೆ ಹೋದ ಮೇಲೆ ಉಳಿದಿದ್ದು ಸಲೀಸಾಯಿತು. ಆರ್‌ಸಿ ರಿನ್ಯೂ ಆಯಿತು, ನನ್ನ ಹೆಸರಿಗೂ ಬಂತು. ಇಲ್ಲಿ ಒಂದು ಮಾತು: ಮಾಲೀಕತ್ವ ಬದಲಾದ ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಅರ್ಜಿ ಕೊಡಬೇಕು. ಮರೀಬೇಡಿ.

 ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿ 'ವಿಎ' ನಂಬರ್ ಪಡೆಯಬಹುದು, ಪ್ರೀಮಿಯಂ ಅರ್ಧ ಆಗುತ್ತೆ. ಮುಂದೆ ಅವಕಾಶ ಬಂದರೂ ನಾನು ಮಾಡಿಸಲ್ಲ. ವಿಂಟೇಜ್ ಗಾಡಿಯನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಅಂತ ಮಾತ್ರ ರಸ್ತೆಗೆ ತರಬಹುದು. ಅಪ್ಪನಿಗೆ ಇದರಲ್ಲಿ ಸಂತೆಗೆ ಹೋಗಬೇಕು.

ಇದು ಮೊದಲ ದಿನ. ತೋಟದ ಗೇಟು. ಅಪ್ಪ ಸ್ಟೀರಿಂಗ್ ಹಿಡಿದಿದ್ದಾರೆ, ಪಾಲಿಸಿ ಕಾಗದ ಅವರ ಅಂಗಿ ಜೇಬಿನಲ್ಲಿದೆ. ಡ್ಯಾಶ್‌ಬೋರ್ಡಿನಲ್ಲಿ ಇಡಿ ಅಂದೆ, ಬೇಡ ಅಂದರು. ದೋಣಿಗಾಲ್ ದಾಟಿದ ಮೇಲೆ ಎದುರಿಗೆ ಒಂದು ಬೈಕ್ ಬಂತು, ಹಿಂದೆ ಮಗು ಕೂತಿತ್ತು. ಅಪ್ಪ ಗೇರ್ ಇಳಿಸಿ, ಗಾಡಿಯನ್ನು ಮಣ್ಣಿಗೆ ತೆಗೆದು ನಿಲ್ಲಿಸಿ, "ಹೋಗಪ್ಪ, ನಿಧಾನ" ಅಂತ ಕೈ ತೋರಿಸಿದರು.