ಹಳೇ ಯಾಟ್‌ನ ಓಲಾಟ ಮತ್ತು ಸ್ಟೆಬಿಲೈಸರ್

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಹಳೆಯ ಮೋಟಾರ್ ಯಾಟ್‌ಗಳ ಒಂದು ದೊಡ್ಡ ತಲೆನೋವಿನ ಬಗ್ಗೆ ಮಾತಾಡೋಣ. ಇಂಜಿನ್ ಮೇಲೆ ಓಡುವ, ಒಳಗೆ ಮಲಗುವ ಕೋಣೆ, ಅಡುಗೆಮನೆ ಎಲ್ಲ ಇರುವ ಖಾಸಗಿ ದೋಣಿಗೆ ಮೋಟಾರ್ ಯಾಟ್ ಅಂತಾರೆ. 1970ರ, 80ರ ದಶಕದಲ್ಲಿ ಕಟ್ಟಿದ ಇಂಥ ದೋಣಿಗಳು ಅಮೆರಿಕ, ಯೂರೋಪಿನ ಬಂದರುಗಳಲ್ಲಿ ಈಗಲೂ ಬೇಕಾದಷ್ಟಿವೆ. ಬೆಲೆ ಕಮ್ಮಿ, ಕಟ್ಟಿದ್ದು ಗಟ್ಟಿ, ಡೀಸೆಲ್ ಖರ್ಚೂ ಕಮ್ಮಿ. ಆದರೆ ಪಕ್ಕದಿಂದ ಅಲೆ ಬಂದರೆ ಸಾಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡೋಕೆ ಶುರು. ಒಲೆ ಮೇಲಿನ ಪಾತ್ರೆ ಜಾರುತ್ತೆ, ಹೊಟ್ಟೆ ತೊಳೆಸುತ್ತೆ, ರಾತ್ರಿ ನಿದ್ದೆ ಬರೋದಿಲ್ಲ. ಆಗ ಮಾಲೀಕರು ನೇರವಾಗಿ ಕೇಳುವ ಪ್ರಶ್ನೆ ಒಂದೇ: ಯಾವ ಸ್ಟೆಬಿಲೈಸರ್ ಹಾಕಿಸಲಿ? ಸ್ಟೆಬಿಲೈಸರ್ ಅಂದರೆ ಓಲಾಟ ಕಮ್ಮಿ ಮಾಡುವ ಸಾಧನ.

ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ನಿಮ್ಮ ದೋಣಿ ಯಾಕೆ ಓಲಾಡುತ್ತೆ, ಯಾವಾಗ ಓಲಾಡುತ್ತೆ ಅನ್ನೋದು ಮೊದಲನೇದು. ಅದು ಗೊತ್ತಾಗದೆ ಯಂತ್ರ ತಂದರೆ ದುಡ್ಡು ನೀರಿಗೆ ಹೋಗುತ್ತೆ.

ಜೇಮ್ಸ್ ಕ್ರೋಗನ್ ವಿನ್ಯಾಸ ಮಾಡಿದ, ತೈವಾನಿನಲ್ಲಿ ತಯಾರಾದ ಕೇಡಿ-ಕ್ರೋಗನ್ 42 ಅನ್ನೋ ಯಾಟ್ ತೊಗೊಳ್ಳಿ. ಉದ್ದ 42 ಅಡಿ, ಅಂದರೆ 13 ಮೀಟರಿಗೆ ಸ್ವಲ್ಪ ಕಮ್ಮಿ. ದೂರದ ಸಮುದ್ರಯಾನಕ್ಕೆ ಹೆಸರು ಮಾಡಿದ ದೋಣಿ ಇದು. ಇದರ ತಳ ದುಂಡಗಿದೆ. ದುಂಡು ತಳ ನೀರನ್ನು ಸುಲಭವಾಗಿ ಸೀಳಿಕೊಂಡು ಹೋಗುತ್ತೆ, ಅದಕ್ಕೇ ಸಣ್ಣ ಇಂಜಿನ್ ಸಾಕಾಗುತ್ತೆ. ಆದರೆ ಅದೇ ದುಂಡು ತಳಕ್ಕೆ ಓಲಾಟವನ್ನು ತಡೆಯುವ ಹಿಡಿತ ಇರೋದಿಲ್ಲ. ಇಂಧನದಲ್ಲಿ ಉಳಿಸಿದ್ದನ್ನು ಓಲಾಟದಲ್ಲಿ ತೆರಬೇಕಾಗುತ್ತೆ.

ಪ್ರತಿ ದೋಣಿಗೂ ತನ್ನದೇ ಆದ ಒಂದು ಓಲಾಟದ ಲಯ ಇರುತ್ತೆ. ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಉಯ್ಯಾಲೆ ಮೇಲೆ ಮೇಲೆ ಏರುತ್ತೆ ಅಲ್ವಾ, ಇಲ್ಲೂ ಹಾಗೇ. ಅಲೆಗಳು ಬಂದು ಬಡಿಯುವ ಲಯ ದೋಣಿಯ ಲಯಕ್ಕೆ ಕೂಡಿಬಂದರೆ ಸಣ್ಣ ಅಲೆಯೂ ದೊಡ್ಡ ಓಲಾಟ ಎಬ್ಬಿಸುತ್ತೆ. ಈ ಲಯವನ್ನು ಅಂದಾಜು ಮಾಡೋಕೆ ಹಡಗಿನವರು ಬಳಸುವ ಒಂದು ಸುಲಭ ಲೆಕ್ಕ ಇದೆ. ದೋಣಿಯ ಅಗಲವನ್ನು ಮೀಟರಿನಲ್ಲಿ ತೊಗೊಂಡು 0.8ರಿಂದ ಗುಣಿಸಿ, ಜಿಎಂನ ವರ್ಗಮೂಲದಿಂದ ಭಾಗಿಸಬೇಕು. ಜಿಎಂ ಅಂದರೆ ವಾಲಿದ ದೋಣಿ ಮತ್ತೆ ನೆಟ್ಟಗಾಗೋಕೆ ಎಷ್ಟು ಹಟ ಮಾಡುತ್ತೆ ಅನ್ನೋದರ ಅಳತೆ. ಅಗಲ 4.6 ಮೀಟರ್, ಜಿಎಂ 1 ಮೀಟರ್ ಇದ್ದರೆ ಒಂದು ಪೂರ್ತಿ ಓಲಾಟಕ್ಕೆ, ಅಂದರೆ ಒಂದು ಪಕ್ಕಕ್ಕೆ ವಾಲಿದ ದೋಣಿ ಇನ್ನೊಂದು ಪಕ್ಕಕ್ಕೆ ಹೋಗಿ ವಾಪಸ್ ಬರೋಕೆ, ಸುಮಾರು 3.7 ಸೆಕೆಂಡು ಬೇಕು. ನಿಮ್ಮ ದೋಣಿಯದ್ದನ್ನು ಅಳೆಯಬೇಕಾದರೆ ಅಲೆ ಇಲ್ಲದ ಬಂದರಿನಲ್ಲಿ ಹಗ್ಗ ಸಡಿಲ ಮಾಡಿ, ನಾಲ್ಕು ಜನ ಆ ಪಕ್ಕದಿಂದ ಈ ಪಕ್ಕಕ್ಕೆ ಓಡಾಡಿ ದೋಣಿಯನ್ನು ತೂಗಿಸಿ, 10 ಓಲಾಟಕ್ಕೆ ಎಷ್ಟು ಹೊತ್ತಾಯಿತು ಅಂತ ಮೊಬೈಲಿನಲ್ಲೇ ನೋಡಿಕೊಳ್ಳಿ.

ಈ ಅಳತೆ ಯಾಕೆ ಬೇಕು ಅಂದರೆ, ಹಳೇ ದೋಣಿಗಳು ವರ್ಷ ಕಳೆದಂತೆ ಮೇಲ್ಗಡೆ ಭಾರ ಆಗ್ತಾ ಹೋಗುತ್ತವೆ. ಒಬ್ಬ ಮಾಲೀಕರು ಮೇಲಿನ ಡೆಕ್‌ಗೆ ಚಾವಣಿ ಹಾಕಿಸ್ತಾರೆ, ಇನ್ನೊಬ್ಬರು ಎಸಿ ಇಡ್ತಾರೆ, ಮತ್ತೊಬ್ಬರು ಕ್ರೇನು, ರಬ್ಬರ್ ದೋಣಿ ಏರಿಸ್ತಾರೆ. ಭಾರ ಮೇಲೇರಿದಷ್ಟೂ ಜಿಎಂ ಇಳಿಯುತ್ತೆ. ಓಲಾಟ ನಿಧಾನವಾಗುತ್ತೆ, ವಾಲಿದ ದೋಣಿ ಒಂದು ಕ್ಷಣ ಅಲ್ಲೇ ನಿಂತು ಆಮೇಲೆ ವಾಪಸ್ ಬರುತ್ತೆ. ಕೂತವರಿಗೆ ಇದೇ ಹಿತ ಅನ್ನಿಸಬಹುದು, ಆದರೆ ಇದು ಅಪಾಯದ ಸೂಚನೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಸ್ಟೆಬಿಲೈಸರ್ ಓಲಾಟವನ್ನು ಕಮ್ಮಿ ಮಾಡುತ್ತೆ, ದೋಣಿ ಮಗುಚದಂತೆ ಕಾಯೋದಿಲ್ಲ. ಜಿಎಂ ಕಮ್ಮಿ ಆಗಿರುವ ದೋಣಿಗೆ ಬೇಕಾಗಿರೋದು ಮೇಲಿನ ಭಾರ ಇಳಿಸೋದು. ಯಂತ್ರದ ಮಾತು ಆಮೇಲೆ.

ಸರಿ, ದೋಣಿ ಆರೋಗ್ಯವಾಗಿದೆ, ಆದರೂ ಓಲಾಡುತ್ತೆ. ಆಗ ಏನೇನು ದಾರಿ ಇದೆ?

ಎಲ್ಲಕ್ಕಿಂತ ಸರಳವಾದದ್ದು ಬಿಲ್ಜ್ ಕೀಲ್. ತಳದ ಎರಡೂ ತಿರುವುಗಳಲ್ಲಿ ಉದ್ದಕ್ಕೆ ಕೂರಿಸುವ ಪಟ್ಟಿ, ಅಷ್ಟೇ. ಓಲಾಡುವಾಗ ಅದು ನೀರನ್ನು ಅಡ್ಡಡ್ಡ ತಳ್ಳಬೇಕಾಗುತ್ತೆ, ಆ ತಡೆಯಲ್ಲೇ ಓಲಾಟದ ಶಕ್ತಿ ಕರಗುತ್ತೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಇದರ ಬಗ್ಗೆ ಪ್ರಯೋಗ ಮಾಡಿ ತೋರಿಸಿದ್ದರು. ಕರೆಂಟ್ ಬೇಡ, ಎಣ್ಣೆ ಬೇಡ, ಕೆಡೋದಕ್ಕೆ ಏನೂ ಇಲ್ಲ. ಪೂರ್ತಿ ನಿಲ್ಲಿಸೋದಿಲ್ಲ, ನಿಜ. ಆದರೂ ಕಮ್ಮಿ ಬಜೆಟ್ಟಿನವರು ಇದನ್ನು ಸುಮ್ನೆ ತಳ್ಳಿಹಾಕಬಾರದು.

ಆಮೇಲೆ ಪ್ಯಾರಾವೇನ್. ಇದು ಮೀನುಗಾರಿಕೆ ದೋಣಿಗಳಿಂದ ಯಾಟ್‌ಗಳಿಗೆ ಬಂದದ್ದು. ಎರಡೂ ಪಕ್ಕಕ್ಕೆ ಉದ್ದನೆಯ ಕಂಬ ಚಾಚಿ, ತುದಿಯಿಂದ ಭಾರವಾದ ತ್ರಿಕೋನದ ಲೋಹದ ಹಲಗೆಯನ್ನು ನೀರಿನೊಳಗೆ ಇಳಿಬಿಡ್ತಾರೆ. ದೋಣಿಯ ಒಂದು ಪಕ್ಕ ಮೇಲೇಳೋಕೆ ಹೋದಾಗ ಆ ಪಕ್ಕದ ಹಲಗೆ ಮೇಲೆ ಬರಲು ಒಪ್ಪೋದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ವೇಗ ಸ್ವಲ್ಪ ತಿನ್ನುತ್ತೆ, ಆಳ ಇಲ್ಲದ ಕಡೆ ಎಚ್ಚರ ಬೇಕು, ಅಲೆಯ ಮಧ್ಯೆ ಆ ಭಾರ ಎತ್ತಿ ಇಳಿಸೋದು ಇಬ್ಬರೇ ಇರುವ ವಯಸ್ಸಾದ ದಂಪತಿಗೆ ಕಷ್ಟದ ಕೆಲಸ.

ಇನ್ನು ಫಿನ್‌ಗಳ ವಿಷಯ. ಹೆಚ್ಚಿನ ಜನ ಸ್ಟೆಬಿಲೈಸರ್ ಅಂದಾಗ ಇದನ್ನೇ ಯೋಚಿಸೋದು. ನೀರಿನ ಕೆಳಗೆ ಎರಡೂ ಪಕ್ಕ ಒಂದೊಂದು ರೆಕ್ಕೆ. ಓಲಾಟವನ್ನು ಒಂದು ಸೆನ್ಸರ್ ಗುರುತಿಸುತ್ತೆ, ರೆಕ್ಕೆಗಳು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗುತ್ತವೆ. ಒಂದು ಪಕ್ಕವನ್ನು ನೀರು ಎತ್ತುತ್ತೆ, ಇನ್ನೊಂದನ್ನು ಒತ್ತುತ್ತೆ. 1923ರಲ್ಲಿ ಜಪಾನಿನ ಮೊತೊರಾ ಇಂಥ ರೆಕ್ಕೆಗಳನ್ನು ಹಡಗಿನ ಮೇಲೆ ಪರೀಕ್ಷಿಸಿದರು. 1936ರಲ್ಲಿ ಬ್ರಿಟನ್ನಿನ ಡೆನ್ನಿ-ಬ್ರೌನ್ ಫಿನ್‌ಗಳು ಐಲ್ ಆಫ್ ಸಾರ್ಕ್ ಅನ್ನೋ ಪ್ರಯಾಣಿಕ ಹಡಗಿಗೆ ಬಂದವು. ಅದೇ 1936ರಲ್ಲಿ ಓಡಾಟ ಶುರು ಮಾಡಿದ ಕ್ವೀನ್ ಮೇರಿ ಅನ್ನೋ ದೊಡ್ಡ ಪ್ರಯಾಣಿಕ ಹಡಗು ಓಲಾಟಕ್ಕೆ ಕುಖ್ಯಾತ ಆಗಿತ್ತು. ಅದಕ್ಕೆ ಫಿನ್ ಹಾಕಿಸಿದ್ದು 1958ರಲ್ಲಿ, ಅಂದರೆ 22 ವರ್ಷ ಆದ ಮೇಲೆ. ಹಳೇ ಹಡಗಿಗೆ ತಡವಾಗಿ ಸ್ಟೆಬಿಲೈಸರ್ ಹಾಕಿಸೋದು ಹೊಸ ಸಂಗತಿ ಏನಲ್ಲ.

ಫಿನ್‌ನ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ, ಅದು ವೇಗ. ರೆಕ್ಕೆಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ನಾಟ್ ಅಂದರೆ ಹಡಗಿನ ವೇಗದ ಅಳತೆ. 10 ನಾಟ್‌ನಲ್ಲಿ ಇದ್ದ ಬಲ 5 ನಾಟ್‌ಗೆ ಇಳಿದರೆ ಕಾಲು ಭಾಗ ಮಾತ್ರ ಉಳಿಯುತ್ತೆ. ಲಂಗರು ಹಾಕಿ ನಿಂತಾಗ ಹಳೇ ಫಿನ್ ಏನೂ ಮಾಡೋದಿಲ್ಲ. ನಿಂತಲ್ಲೂ ರೆಕ್ಕೆ ಬಡಿದು ಓಲಾಟ ತಡೆಯುವ ಫಿನ್‌ಗಳು ಈಗ ಇವೆ. ಆದರೆ ಅವು ಗಾತ್ರದಲ್ಲಿ ದೊಡ್ಡವು, ಜಾಸ್ತಿ ಶಕ್ತಿ ಬೇಡುತ್ತವೆ, ರಾತ್ರಿಯಿಡೀ ಜನರೇಟರ್ ಓಡಬೇಕು.

ಹಳೇ ಯಾಟ್‌ನಲ್ಲಿ ಈಗಾಗಲೇ ಫಿನ್ ಇದ್ದು, ಕೆಲಸ ಮಾಡ್ತಾ ಇಲ್ಲ ಅಂತಾದರೆ ಪೂರ್ತಿ ಕಿತ್ತು ಹೊಸದು ಹಾಕಿಸಿ ಅನ್ನುವವರು ಬೇಕಾದಷ್ಟು ಜನ ಸಿಗ್ತಾರೆ. ಅವಸರ ಬೇಡ. ಆ ಕಾಲದ ಬಹಳಷ್ಟು ಫಿನ್‌ಗಳಲ್ಲಿ ಎಣ್ಣೆಯ ಒತ್ತಡದಿಂದ ರೆಕ್ಕೆ ತಿರುಗಿಸೋಕೆ ಮುಖ್ಯ ಇಂಜಿನ್ನಿನಿಂದ ಓಡುವ ಹೈಡ್ರಾಲಿಕ್ ಪಂಪ್ ಇರುತ್ತೆ, ಓಲಾಟ ಗುರುತಿಸೋಕೆ ಗೈರೋ ಅನ್ನೋ ಸಣ್ಣ ತಿರುಗುವ ಚಕ್ರ ಇರುತ್ತೆ. ಸೀಲ್, ಬೇರಿಂಗ್, ಹೋಸ್ ಬದಲಿಸಿ, ಹಳೇ ನಿಯಂತ್ರಣ ಪೆಟ್ಟಿಗೆ ತೆಗೆದು ಹೊಸ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂರಿಸಿದರೆ ಎಷ್ಟೋ ಸಲ ಅದೇ ರೆಕ್ಕೆ ಮತ್ತೆ ಚೆನ್ನಾಗಿ ಕೆಲಸ ಮಾಡುತ್ತೆ. ದೋಣಿಯನ್ನು ದಡಕ್ಕೆ ಎತ್ತಿದಾಗ ರೆಕ್ಕೆಯ ತುದಿ ಹಿಡಿದು ಅಲುಗಾಡಿಸಿ ನೋಡಿ. ಸಡಿಲ ಇದ್ದರೆ ಬೇರಿಂಗ್ ಸವೆದಿದೆ ಅಂತ ಅರ್ಥ.

ಹೊಸದಾಗಿ ಫಿನ್ ಹಾಕಿಸಬೇಕಾದರೆ ಹಳೇ ದೋಣಿಯ ತಳದಲ್ಲಿ ರಂಧ್ರ ಕೊರೆಯಬೇಕು. ನನಗೆ ಜಾಸ್ತಿ ಕಾಳಜಿ ಇರೋದು ಇಲ್ಲೇ. ಫೈಬರ್‌ಗ್ಲಾಸಿನ ಮಧ್ಯೆ ಮರದ ಅಥವಾ ಫೋಮಿನ ತಿರುಳಿದ್ದರೆ ಆ ಜಾಗದಲ್ಲಿ ತಿರುಳು ಪೂರ್ತಿ ತೆಗೆದು ಗಟ್ಟಿ ಪದರ ಕಟ್ಟಬೇಕು, ಇಲ್ಲಾಂದರೆ ನೀರು ಒಳಗಿಂದೊಳಗೇ ಹರಡುತ್ತೆ. ಉಕ್ಕಿನ ದೋಣಿಯಾದರೆ ತಗಡಿನ ದಪ್ಪ ಅಳೆದು ನೋಡಬೇಕು. ರೆಕ್ಕೆ ದೋಣಿಯ ಅಗಲದಿಂದ ಆಚೆಗೆ, ಕೀಲ್‌ಗಿಂತ, ಅಂದರೆ ತಳದ ನಡುವೆ ಉದ್ದಕ್ಕೂ ಇರುವ ಏಣಿಗಿಂತ, ಕೆಳಕ್ಕೆ ಚಾಚಬಾರದು. ತೇಲುವ ಮರಕ್ಕೆ ಬಡಿದರೆ ರೆಕ್ಕೆ ಮುರಿಯಬೇಕು, ತಳ ಒಡೆಯಬಾರದು. ಒಳಗಡೆ ಆ ಜಾಗದ ಸುತ್ತ ನೀರು ದಾಟದ ಗೋಡೆ ಕಟ್ಟಿಸಿದರೆ ಇನ್ನೂ ಒಳ್ಳೆಯದು.

ತಳಕ್ಕೆ ರಂಧ್ರವೇ ಬೇಡ ಅನ್ನುವವರಿಗೆ ಗೈರೋ ಸ್ಟೆಬಿಲೈಸರ್ ಇದೆ. ಭಾರದ ಚಕ್ರವೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತೆ. ದೋಣಿ ಓಲಾಡಿದರೆ ಚಕ್ರ ಮುಂದಕ್ಕೆ ಹಿಂದಕ್ಕೆ ಬಾಗುತ್ತೆ, ಆ ಬಾಗುವಿಕೆಯಿಂದ ಓಲಾಟಕ್ಕೆ ಎದುರು ಬಲ ಹುಟ್ಟುತ್ತೆ. ಜರ್ಮನಿಯ ಒಟ್ಟೊ ಶ್ಲಿಕ್ 1906ರಲ್ಲೇ ಇದನ್ನು ಹಡಗಿನಲ್ಲಿ ಪರೀಕ್ಷಿಸಿದ್ದರು. 1932ರ ಇಟಲಿಯ ಕೊಂಟೆ ಡಿ ಸವೊಯಾ ಹಡಗಿನಲ್ಲಿ 3 ಗೈರೋ ಇದ್ದವು, ಒಂದೊಂದೂ 100 ಟನ್‌ಗೂ ಮೇಲೆ! ಈಗಿನ ಸೀಕೀಪರ್‌ನಂಥ ಯಂತ್ರಗಳಲ್ಲಿ ಚಕ್ರ ಗಾಳಿ ಇಲ್ಲದ ಗೋಳದೊಳಗೆ ತಿರುಗುತ್ತೆ, ಹಾಗಾಗಿ ಸಣ್ಣ ದೋಣಿಗೂ ಹಿಡಿಸುವಷ್ಟು ಚಿಕ್ಕದಾಗಿವೆ. ಲಂಗರು ಹಾಕಿದಾಗ ಇದು ನಿಜಕ್ಕೂ ವರ. ಆದರೆ ಪೂರ್ತಿ ವೇಗಕ್ಕೆ ಏರೋಕೆ ಹೊತ್ತು ಬೇಕು, ಕರೆಂಟ್ ಬೇಕು. ಅದರ ಬಲಕ್ಕೆ ಒಂದು ಮಿತಿ ಇದೆ, ದೊಡ್ಡ ಅಲೆಗಳಲ್ಲಿ ಅದು ಸೋಲುತ್ತೆ. ಗಾಳಿಗೆ ಒಂದೇ ಪಕ್ಕಕ್ಕೆ ವಾಲಿಕೊಂಡೇ ಇರುವ ದೋಣಿಯನ್ನು ನೆಟ್ಟಗೆ ಮಾಡೋದೂ ಅದರ ಕೈಲಿ ಆಗೋದಿಲ್ಲ. ಇನ್ನೊಂದು ವಿಷಯ, ಅದರ ಬಲವೆಲ್ಲ ಕೂರಿಸಿದ ಜಾಗದ ಮೇಲೆ ಬೀಳುತ್ತೆ. 40 ವರ್ಷದ ದೋಣಿಯ ಒಳಗಿನ ತೊಲೆಗಳು ಅದನ್ನು ತಡೆಯುತ್ತವೆಯೇ ಅಂತ ತಿಳಿದವರಿಂದ ಲೆಕ್ಕ ಹಾಕಿಸಲೇಬೇಕು.

ಹಾಗಾದರೆ ಯಾವುದು? ದಿನಗಟ್ಟಲೆ ಸಮುದ್ರ ದಾಟುವವರಾದರೆ ನಾನು ಫಿನ್ ಕಡೆಗೇ. ಹಗಲು ಒಂದಿಷ್ಟು ಓಡಿ, ವಾರಗಟ್ಟಲೆ ಲಂಗರು ಹಾಕಿ ಇರುವವರಾದರೆ ಗೈರೋ ಒಳ್ಳೆಯದು. ಅದಕ್ಕೂ ಮೊದಲು ಕಂಬದ ತುದಿಯಿಂದ ನೀರಿಗೆ ಇಳಿಬಿಡುವ, ಮಡಚುವ ತಟ್ಟೆಯನ್ನು ಒಂದು ಸಲ ಬಳಸಿ ನೋಡಿ. ಅದಕ್ಕೆ ಫ್ಲಾಪರ್ ಸ್ಟಾಪರ್ ಅಂತಾರೆ, ಬೆಲೆಯೂ ಕಮ್ಮಿ. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತೆ.

ಫಿನ್ ಇರುವ ಹಳೇ ಯಾಟ್ ಕೊಳ್ಳೋಕೆ ಹೊರಟವರು, ಅಂಥ ಯಾಟ್‌ಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಕರಾವಳಿಯ ಹುಡುಗರು, ಇಷ್ಟು ಮಾಡಿ. ಬಂದರಿನೊಳಗಿನ ಪರೀಕ್ಷೆಯನ್ನು ನಂಬಬೇಡಿ, ಹೊರಗೆ ಅಲೆ ಇರುವಲ್ಲಿಗೆ ಹೋಗಿ. ಅಲೆ ಪಕ್ಕದಿಂದ ಬರುವಂತೆ ದಿಕ್ಕು ಹಿಡಿದು, ಮಾಮೂಲಿ ವೇಗದಲ್ಲಿ 10 ನಿಮಿಷ ಸ್ಟೆಬಿಲೈಸರ್ ಆಫ್ ಮಾಡಿ, 10 ನಿಮಿಷ ಆನ್ ಮಾಡಿ, ಎಷ್ಟು ಡಿಗ್ರಿ ವಾಲುತ್ತೆ ಅಂತ ಎರಡೂ ಸಲ ಬರೆದುಕೊಳ್ಳಿ. ಹೈಡ್ರಾಲಿಕ್ ಎಣ್ಣೆಯ ಬಿಸಿ ಎಷ್ಟಿದೆ ಅಂತ ನೋಡಿ. ಇಂಜಿನ್ ರಿವರ್ಸ್‌ಗೆ ಹಾಕುವ ಮೊದಲು ಎರಡೂ ರೆಕ್ಕೆ ಮಧ್ಯಕ್ಕೆ ಬಂದು ಲಾಕ್ ಆಗುತ್ತವೆಯೇ ಅಂತ ನೋಡೋದನ್ನು ಮರೆಯಬೇಡಿ. ಹಿಂದಕ್ಕೆ ಓಡುವಾಗ ಲಾಕ್ ಮಾಡದೆ ಬಿಟ್ಟ ರೆಕ್ಕೆ ಎದುರು ದಿಕ್ಕಿಗೆ ಕೆಲಸ ಮಾಡಿ ಓಲಾಟವನ್ನು ಇನ್ನೂ ಜಾಸ್ತಿ ಮಾಡುತ್ತೆ, ರೆಕ್ಕೆಯನ್ನು ಹಿಡಿದಿರುವ ಲೋಹದ ದಂಡದ ಮೇಲೂ ಹೊರೆ ಬೀಳುತ್ತೆ. ನಮಸ್ಕಾರ.