ಸಮ್ಮೇಳನಕ್ಕೆ ಹೋದರೆ ಪಡಸಾಲೆಯಲ್ಲಿ ನಿಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಸಾಫ್ಟ್‌ವೇರ್ ಡೆವಲಪರ್‌ಗಳ ದೊಡ್ಡ ಸಮ್ಮೇಳನಗಳ ಬಗ್ಗೆ ನಮ್ಮ ಕಡೆಯ ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ನಾನು ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ಗಳಿಗೆ ಬಿಲ್ಲು, ಬಟವಾಡೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವನು. ಈ ಮಾತು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವರು ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು. ಪಕ್ಕದಲ್ಲಿ ಅಪ್ಪ ಅಮ್ಮನೂ ಕೂತು ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ಟಿಕೆಟ್ ದುಡ್ಡು ಕೊಡುವವರು ಅವರೇ ಅಲ್ವಾ.

ನಾನು ಹೇಳುವುದು ಒಂದೇ ಮಾತು. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಸಮ್ಮೇಳನಕ್ಕೆ ಹೋಗುವಾಗ ಜೇಬಿನಲ್ಲಿ ನಿಮ್ಮದೇ ಒಂದು ತೊಡಕು ಇಟ್ಟುಕೊಂಡು ಹೋಗಿ. ಹಾಲ್ ಒಳಗೆ ಕೂತಿರಬೇಡಿ. ಪಡಸಾಲೆಯಲ್ಲಿ ನಿಂತು ಆ ತೊಡಕನ್ನು ನಾಲ್ಕು ಜನರಿಗೆ ತೋರಿಸಿ.

ಮೊದಲು ಸಮ್ಮೇಳನ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಎರಡು ಮೂರು ದಿನ ನಡೆಯುತ್ತದೆ. ದೊಡ್ಡ ಕಟ್ಟಡ, ಒಳಗೆ ಮೂರು ನಾಲ್ಕು ಹಾಲ್. ಎಲ್ಲ ಹಾಲ್‌ಗಳಲ್ಲೂ ಒಂದೇ ಹೊತ್ತಿಗೆ ಒಂದೊಂದು ಭಾಷಣ ನಡೆಯುತ್ತಿರುತ್ತದೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು ಕೇಳುವ ಮುಖ್ಯ ಭಾಷಣ. ಸಂಜೆ ಐದೈದು ನಿಮಿಷದ ಮಿಂಚಿನ ಮಾತುಗಳು. ಹೊರಗೆ ಕಂಪನಿಗಳ ಮಳಿಗೆ. ಅಲ್ಲಿ ಸ್ಟಿಕ್ಕರ್, ಟೀ ಶರ್ಟ್ ಹಂಚುತ್ತಾರೆ. ಹಾಲ್‌ಗಳ ನಡುವೆ ಉದ್ದನೆ ಪಡಸಾಲೆ, ಅಲ್ಲಿ ಟೀ, ಕಾಫಿ, ನಿಂತು ಮಾತಾಡುವ ಜನ. ಸಮ್ಮೇಳನ ನಡೆಯುವುದು ಆ ಪಡಸಾಲೆಯಲ್ಲೇ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ತೇರು ನೋಡಿ ಕೈ ಮುಗಿದು ಹಂಗೇ ಬಸ್ ಹತ್ತುತ್ತಾರಾ? ದಾಸೋಹದಲ್ಲಿ ಕೂತು ರೊಟ್ಟಿ, ಮಾದಲಿ ಉಣ್ಣುತ್ತಾರೆ. ಪಕ್ಕದಲ್ಲಿ ಕೂತವರನ್ನು ಯಾವ ಊರು ಅಂತ ಕೇಳುತ್ತಾರೆ. ಮಗಳಿಗೆ ಗಂಡು ಗೊತ್ತಾಗುವುದೂ ಅಲ್ಲೇ, ಎತ್ತಿನ ವ್ಯಾಪಾರ ಕುದುರುವುದೂ ಅಲ್ಲೇ. ಡೆವಲಪರ್ ಸಮ್ಮೇಳನವೂ ಹಾಗೇ. ಭಾಷಣ ಅಂದರೆ ತೇರು. ನೋಡಲೇಬೇಕು, ಆದರೆ ಅದೊಂದನ್ನೇ ನೋಡಿ ಬಂದರೆ ಜಾತ್ರೆ ಆದ ಹಾಗಲ್ಲ.

ಇದರಲ್ಲಿ ಎರಡು ಥರ ಇದೆ. ಒಂದು, ಕಂಪನಿಗಳೇ ನಡೆಸುವುದು. ಗೂಗಲ್‌ನವರ ಗೂಗಲ್ ಐ/ಓ 2008ರಿಂದ ನಡೆಯುತ್ತಿದೆ. ಆಪಲ್‌ನವರದ್ದೂ ಒಂದಿದೆ. ಅಲ್ಲಿ ಕಂಪನಿ ತನ್ನ ಹೊಸ ಸಾಮಾನು ತೋರಿಸುತ್ತದೆ, ಮನೆಯಲ್ಲೇ ಕೂತು ವಿಡಿಯೊ ನೋಡಿದರೂ ನಡೆಯುತ್ತದೆ. ಇನ್ನೊಂದು, ಕೆಲಸ ಮಾಡುವವರೇ ಸೇರಿ ನಡೆಸುವುದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಪೈಕಾನ್ ಇಂಡಿಯಾ ಹಾಗೆ ಶುರುವಾದದ್ದು. ಮೊದಲನೆಯದು 2009ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ನಡೆಸುವವರು ಸ್ವಯಂಸೇವಕರು. ಫಾಸ್ ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಸಾಫ್ಟ್‌ವೇರ್; ಅದರ ಬಳಗವಾದ ಫಾಸ್ ಯುನೈಟೆಡ್‌ನವರು ಬೆಂಗಳೂರಿನಲ್ಲಿ ಇಂಡಿಯಾಫಾಸ್ ನಡೆಸುತ್ತಾರೆ. ಕಂಪ್ಯೂಟರ್ ನಡೆಸುವ ಡೆಬಿಯನ್ ಅನ್ನುವ ಮುಕ್ತ ಸಾಫ್ಟ್‌ವೇರ್‌ನವರ ಜಾಗತಿಕ ಸಮ್ಮೇಳನ 2023ರಲ್ಲಿ ಕೊಚ್ಚಿಗೆ ಬಂದಿತ್ತು. ಬ್ರಸೆಲ್ಸ್‌ನಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ಫಾಸ್‌ಡೆಮ್ ಅಂತ ನಡೆಯುತ್ತದೆ. ಸಾವಿರಾರು ಜನ ಬರುತ್ತಾರೆ, ಟಿಕೆಟ್ಟೂ ಇಲ್ಲ, ಹೆಸರು ಬರೆಸುವುದೂ ಇಲ್ಲ, ಸೀದಾ ಒಳಗೆ ಹೋಗಬಹುದು. ನೀವು ಮೊದಲು ಹೋಗಬೇಕಾದ್ದು ಈ ಎರಡನೇ ಥರದ್ದಕ್ಕೆ. ಯಾಕಂದರೆ ಅಲ್ಲಿ ಪಡಸಾಲೆ ದೊಡ್ಡದು.

ಈಗ ನನ್ನದೇ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಕೇಳಿ.

ನಮ್ಮ ಜೀನ್ಸ್ ಯೂನಿಟ್‌ಗಳಲ್ಲಿ ಪೀಸ್ ಲೆಕ್ಕದ ಕೂಲಿ. ಒಬ್ಬರು ಜಿಪ್ ಹಾಕುತ್ತಾರೆ, ಒಬ್ಬರು ಬೆಲ್ಟ್, ಒಬ್ಬರು ಕಾಜಾ. ವಾರಕ್ಕೊಮ್ಮೆ ಬಟವಾಡೆ. ಎಷ್ಟು ಪೀಸು, ಏನು ದರ, ಮುಂಗಡ ಎಷ್ಟು, ಕೈಗೆ ಎಷ್ಟು ಅಂತ ಒಂದು ಚೀಟಿ ಕೊಡಬೇಕು. ಮೊದಲು ಅದು ಇಂಗ್ಲಿಷ್‌ನಲ್ಲಿ ಬರುತ್ತಿತ್ತು. ನಾನು ಹಟ ಹಿಡಿದು ಕನ್ನಡದಲ್ಲಿ ಮಾಡಿದೆ. ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಆದರೆ ಪಿಡಿಎಫ್ ಆಗಿ ಪ್ರಿಂಟ್ ಆದಾಗ ಒತ್ತಕ್ಷರ ಎಲ್ಲ ಒಡೆದುಹೋಗುತ್ತಿದ್ದವು.

ಹೇಗೆ ಒಡೆಯುತ್ತಿದ್ದವು ಅಂತ ಬಾಯಲ್ಲೇ ಹೇಳುತ್ತೇನೆ. ನಮ್ಮೂರ ಹೆಸರನ್ನೇ ತೊಗೊಳ್ಳಿ. ಬಳ್ಳಾರಿ. ಇದರಲ್ಲಿ ಳಕಾರದ ಕೆಳಗೆ ಇನ್ನೊಂದು ಳ ಒತ್ತಾಗಿ ಕೂರಬೇಕು. ಚೀಟಿಯಲ್ಲಿ ಹಾಗೆ ಬರುತ್ತಿರಲಿಲ್ಲ. ಬ, ಆಮೇಲೆ ಅರ್ಧ ಳ್, ಆಮೇಲೆ ಅದರ ಪಕ್ಕದಲ್ಲೇ ದೊಡ್ಡದಾಗಿ ಳಾ, ಕೊನೆಗೆ ರಿ. ಕೊಪ್ಪಳಕ್ಕೂ ಅದೇ ಗತಿ. ರಾಯಚೂರಿಗೆ ಒತ್ತು ಇಲ್ಲ, ಹಾಗಾಗಿ ಅದನ್ನು ಹೇಗೋ ಓದಬಹುದಿತ್ತು. ಇನ್ನು ಜನರ ಹೆಸರು ನೋಡಿ. ನಮ್ಮ ಕಡೆ ಎಷ್ಟು ಹೆಸರು ‘ಮ್ಮ’, ‘ಪ್ಪ’ ಅಂತ ಮುಗಿಯುತ್ತವೆ! ದುರುಗಮ್ಮ, ಹುಲಿಗೆಮ್ಮ, ಈರಪ್ಪ, ಮಲ್ಲಪ್ಪ. ಅಷ್ಟೂ ಒಡೆದ ಹೆಸರುಗಳೇ.

ಒಂದು ಶನಿವಾರ ಬಟವಾಡೆ ನಡೆಯುತ್ತಿತ್ತು, ನಾನೂ ಯೂನಿಟ್‌ನಲ್ಲೇ ಇದ್ದೆ. ಕಾಜಾ ಹಾಕುವ ಒಬ್ಬ ಹೆಣ್ಣುಮಗಳು ಚೀಟಿಯನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಎರಡು ಸಲ ಓದಿದರು. ಬೆರಳಿಗೆ ನೀಲಿ ಬಣ್ಣ ಹತ್ತಿತ್ತು, ಡೆನಿಮ್ ಹೊಲಿಯುವವರಿಗೆ ಅದು ಹೋಗುವುದೇ ಇಲ್ಲ. ಆ ಬೆರಳನ್ನು ಹೆಸರಿನ ಮೇಲೆ ಇಟ್ಟು, “ಸರ್, ಇದು ನನ್ನ ಹೆಸರಲ್ಲ” ಅಂದರು. ಸಹಿ ಹಾಕಲಿಲ್ಲ. ಅವರು ಹೇಳಿದ್ದು ಸರಿ. ಅವರು ಬರೆಯಲು ಕಲಿತ ಹೆಸರು ಅದಲ್ಲ.

ಎರಡು ತಿಂಗಳು ಗುದ್ದಾಡಿದೆ. ಫಾಂಟ್ ಬದಲಿಸಿದೆ, ಪ್ರಿಂಟರ್ ಬದಲಿಸಿದೆ. ಏನೂ ಆಗಲಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ದೊಡ್ಡ ಡೆವಲಪರ್ ಸಮ್ಮೇಳನ ಇತ್ತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಆ ಹೆಣ್ಣುಮಗಳು ಸಹಿ ಹಾಕದ ಚೀಟಿ ಅಂಗಿ ಜೇಬಿನಲ್ಲೇ ಇತ್ತು.

ಮೊದಲ ದಿನ ಬೆಳಿಗ್ಗೆಯಿಂದ ಸಂಜೆ ತನಕ ಹಾಲ್ ಒಳಗೇ ಕೂತೆ. ಏಳು ಭಾಷಣ ಕೇಳಿದೆ, ಒಂದು ನೋಟ್‌ಬುಕ್ ತುಂಬ ಬರೆದುಕೊಂಡೆ. ಯಾರ ಜೊತೆಯೂ ಮಾತಾಡಲಿಲ್ಲ. ಆ ನೋಟ್‌ಬುಕ್ ಆಮೇಲೆ ತೆರೆದೇ ಇಲ್ಲ. ಅದೇ ಭಾಷಣಗಳು ಸ್ವಲ್ಪ ದಿನಕ್ಕೇ ಯೂಟ್ಯೂಬ್‌ಗೆ ಬಂದವು. ಅಂದರೆ ಆ ಒಂದು ದಿನ ನಾನು ಬಳ್ಳಾರಿಯಲ್ಲೇ ಇದ್ದಿದ್ದರೂ ಆಗುತ್ತಿತ್ತು.

ಎರಡನೇ ದಿನ ಟೀ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಕೇರಳದ ಒಬ್ಬ ಹುಡುಗಿ. ಅವರ ಲ್ಯಾಪ್‌ಟಾಪ್ ಮೇಲೆ ಮಲಯಾಳಂ ಅಕ್ಷರದ ಸ್ಟಿಕ್ಕರ್ ಇತ್ತು. ಮಲಯಾಳಂನಲ್ಲೂ ಕೂಡಕ್ಷರ ಇವೆ, ಇವರಿಗೆ ಗೊತ್ತಿರಬಹುದು ಅನ್ನಿಸಿತು. ಜೇಬಿನಿಂದ ಚೀಟಿ ತೆಗೆದು ತೋರಿಸಿದೆ. ಅವರಿಗೆ ಕನ್ನಡ ಬರುವುದಿಲ್ಲ. ಆದರೂ ಚೀಟಿ ನೋಡಿ ಅರ್ಧ ನಿಮಿಷದಲ್ಲಿ, “ನಿಮ್ಮಲ್ಲಿ ಶೇಪಿಂಗ್ ಆಗ್ತಿಲ್ಲ, ನಮಗೂ ಇದೇ ಆಗಿತ್ತು” ಅಂತ ಇಂಗ್ಲಿಷ್‌ನಲ್ಲಿ ಹೇಳಿದರು. ಅರ್ಧ ನಿಮಿಷ! ನಾನು ಎರಡು ತಿಂಗಳು ಒದ್ದಾಡಿದ್ದೆ.

ಶೇಪಿಂಗ್ ಅಂದರೆ ಏನು? ನಮ್ಮ ಜೀನ್ಸ್ ಭಾಷೆಯಲ್ಲೇ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಯೂನಿಕೋಡ್ ಅಂತ ಒಂದು ಪಟ್ಟಿ ಇದೆ. ಕನ್ನಡ ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ, 128 ಮನೆಗಳ ಒಂದು ಸಾಲು ನಮ್ಮದು. ಆ ಪಟ್ಟಿಯ ಲೆಕ್ಕದಲ್ಲಿ ಬಳ್ಳಾರಿ ಅಂದರೆ ಏಳು ತುಂಡು: ಬ, ಳ, ಅರ್ಧ ಮಾಡುವ ಗುರುತು, ಮತ್ತೆ ಳ, ದೀರ್ಘ, ರ, ಗುಡಿಸು. ಯೂನಿಕೋಡ್ ಬರೀ ಕಟಿಂಗ್ ಮಾಡಿ ಬಂಡಲ್ ಕಟ್ಟಿ ಕೊಡುತ್ತದೆ. ಅದನ್ನು ಹೊಲಿಯುವವರು ಬೇರೆ ಬೇಕು. ಯಾವ ತುಂಡು ಮೇಲೆ, ಯಾವುದು ಕೆಳಗೆ ಒತ್ತಾಗಿ ಕೂರಬೇಕು ಅಂತ ಜೋಡಿಸುವ ಕೆಲಸವೇ ಶೇಪಿಂಗ್. ನನ್ನ ಪಿಡಿಎಫ್ ಲೈಬ್ರರಿ, ಅಂದರೆ ಪಿಡಿಎಫ್ ಮಾಡಲು ನಾನು ಬಳಸುತ್ತಿದ್ದ ಬೇರೆಯವರ ಸಿದ್ಧ ಕೋಡ್, ಹೊಲಿಗೆಯನ್ನೇ ಬಿಟ್ಟು ಕಟಿಂಗ್ ಪೀಸುಗಳನ್ನು ಸಾಲಾಗಿ ಇಟ್ಟು ಕೊಡುತ್ತಿತ್ತು.

ಆ ಹೊಲಿಗೆ ಮಾಡುವ ಒಂದು ಸಾಫ್ಟ್‌ವೇರ್ ಇದೆ, ಹರ್ಫ್‌ಬಜ್ ಅಂತ. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದರ ಹಿಂದೆ ಅದೇ ಇದೆ. ನನ್ನ ಲೈಬ್ರರಿಯ ಹೊಸ ಆವೃತ್ತಿಗೂ ಅದನ್ನು ಸೇರಿಸಿದ್ದರು. ನಾನು ಹಳೇದನ್ನೇ ಇಟ್ಟುಕೊಂಡಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಹೊಸದನ್ನು ಇಳಿಸಿಕೊಂಡು, ಶೇಪಿಂಗ್ ಮಾಡು ಅನ್ನುವ ಒಂದು ಸಾಲು ಸೇರಿಸಿದೆ. ಪಿಡಿಎಫ್ ತೆರೆದೆ. ಬಳ್ಳಾರಿ ಅಂತ ಬಂದಿತ್ತು, ಳಕಾರದ ಕೆಳಗೆ ಒತ್ತು ಕೂತಿತ್ತು. ಅವರ ಟೀ ಆರಿಹೋಗಿತ್ತು. ಇನ್ನೊಂದು ತಂದುಕೊಟ್ಟೆ.

ಊರಿಗೆ ಬಂದು ಯೂನಿಟ್‌ನಲ್ಲಿ ಈ ಸುದ್ದಿ ಹೇಳಿದಾಗ ನಮ್ಮ ಕಟಿಂಗ್ ಮಾಸ್ಟರ್, “ಹರ್ಫ್ ಅಂದ್ರೆ ಅಕ್ಷರ ಅಲ್ವಾ ಸರ್, ನಮ್ಮ ಉರ್ದುನಲ್ಲಿ” ಅಂದರು. ನಿಜ. ಪರ್ಷಿಯನ್‌ನಲ್ಲೂ ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಆ ಸಾಫ್ಟ್‌ವೇರ್‌ನ ಹೆಸರು ಬಂದದ್ದೂ ಅಲ್ಲಿಂದಲೇ. ಬಟವಾಡೆ ಚೀಟಿ ಈಗ ಸರಿಯಾಗಿ ಬರುತ್ತಿದೆ. ಆ ಹೆಣ್ಣುಮಗಳೂ ಸಹಿ ಹಾಕುತ್ತಾರೆ.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಹೇಳಿದೆ? ಏಳು ಭಾಷಣದಲ್ಲಿ ಸಿಗದ್ದು ಒಂದು ಟೀ ಸಾಲಿನಲ್ಲಿ ಸಿಕ್ಕಿತು. ಸಿಕ್ಕಿದ್ದು ಜೇಬಿನಲ್ಲಿ ಚೀಟಿ ಇದ್ದದ್ದಕ್ಕೆ. ಸುಮ್ನೆ ಹೋಗಿ “ಹಾಯ್, ಹಲೋ” ಅಂದಿದ್ದರೆ ಸಿಗುತ್ತಿರಲಿಲ್ಲ.

“ಸರ್, ನಮಗೆ ಇಂಗ್ಲಿಷ್ ಸರಿಯಾಗಿ ಬರಲ್ಲ” ಅಂತ ಹುಡುಗರು ಹೇಳುತ್ತಿರುತ್ತಾರೆ. ಚೀಟಿ ಕೈಲಿದ್ದರೆ ಇಂಗ್ಲಿಷ್ ಜಾಸ್ತಿ ಬೇಕಾಗುವುದಿಲ್ಲ. ನಿಮ್ಮ ಪ್ರೋಗ್ರಾಂ ತೋರಿಸಿ, ಅದು ಎಲ್ಲಿ ನಿಲ್ಲುತ್ತದೆ ಅಂತ ಬೆರಳಿಟ್ಟು ತೋರಿಸಿ. ಎದುರಿಗಿದ್ದವರಿಗೆ ಗೊತ್ತಿದ್ದರೆ ಹೇಳುತ್ತಾರೆ. ಇಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋಗುತ್ತಾರೆ. “ನಮ್ಮ ಹತ್ತಿರ ತೊಡಕೇ ಇಲ್ಲ” ಅನ್ನುವವರಿಗೆ ಮಾತ್ರ ನನಗೆ ಸ್ವಲ್ಪ ಬೇಸರ. ಹೋಗುವ ಮುಂಚೆ ಒಂದು ತಿಂಗಳು ಏನಾದರೂ ಮಾಡಿ. ಅಪ್ಪನ ಅಂಗಡಿ ಲೆಕ್ಕ ಬರೆಯಿರಿ, ಅಕ್ಕಿ ಗಿರಣಿಯ ಚೀಲದ ಎಣಿಕೆ ಮಾಡಿ. ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತದೆ. ನಿಂತದ್ದನ್ನು ಹಾಳೆ ಮೇಲೆ ಬರೆದು ಜೇಬಿಗೆ ಹಾಕಿಕೊಳ್ಳಿ.

ಹೊತ್ತು ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ದುಡ್ಡಿನ ಮಾತು. ಬಹಳಷ್ಟು ಸಮ್ಮೇಳನಗಳಲ್ಲಿ ವಿದ್ಯಾರ್ಥಿಗಳಿಗೆ ಟಿಕೆಟ್ ಕಡಿಮೆ ಇರುತ್ತದೆ. ಕೆಲವು ಕಡೆ ಪ್ರಯಾಣಕ್ಕೂ ನೆರವು ಕೊಡುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು. ಸ್ವಯಂಸೇವಕರಾಗಿ ಹೋದರೆ ಇನ್ನೂ ಒಳ್ಳೆಯದು, ಪಡಸಾಲೆಯಲ್ಲೇ ನಿಮ್ಮ ಕೆಲಸ.

ಹೆಣ್ಣುಮಕ್ಕಳ ತಂದೆ ತಾಯಿಗೆ ಒಂದು ಮಾತು. ಒಳ್ಳೆಯ ಸಮ್ಮೇಳನ ಅಂದರೆ ನಡವಳಿಕೆಯ ನಿಯಮ ಮೊದಲೇ ಪ್ರಕಟಿಸಿರುತ್ತಾರೆ, ತೊಂದರೆ ಆದರೆ ಯಾರನ್ನು ಕೇಳಬೇಕು ಅಂತ ಬರೆದಿರುತ್ತಾರೆ. ಅದನ್ನು ಓದಿ. ಗೆಳತಿ ಜೊತೆಯಲ್ಲಿ ಕಳಿಸಿ. ಆದರೆ ಕಳಿಸಿ. ನನಗೆ ದಾರಿ ತೋರಿಸಿದ್ದು ಒಬ್ಬ ಹುಡುಗಿಯೇ.

ಸರ್ಟಿಫಿಕೇಟ್ ಸಿಗುತ್ತಾ ಅಂತ ದಯವಿಟ್ಟು ಕೇಳಬೇಡಿ. ಟೀ ಶರ್ಟ್ ಸಿಕ್ಕರೆ ಹಾಕಿಕೊಳ್ಳಿ, ಅದಕ್ಕೋಸ್ಕರ ಒಂದು ಗಂಟೆ ಸಾಲಿನಲ್ಲಿ ನಿಲ್ಲಬೇಡಿ. ಆ ಒಂದು ಗಂಟೆ ಪಡಸಾಲೆಯದ್ದು.

ಮಿಂಚಿನ ಮಾತಿಗೆ ಹೆಸರು ಕೊಡಿ. ಐದೇ ನಿಮಿಷ. ಐದಾದ ಕೂಡಲೇ ಚಪ್ಪಾಳೆ ಹೊಡೆದು ಇಳಿಸುತ್ತಾರೆ. ವೇದಿಕೆ ಮೇಲೆ ನಿಂತು “ನನಗೆ ಈ ತೊಡಕು ಇದೆ, ಯಾರಿಗಾದರೂ ಗೊತ್ತಾ” ಅಂತ ಕೇಳಿದರೂ ಸಾಕು. ಇಳಿದು ಬರುವಷ್ಟರಲ್ಲಿ ಇಬ್ಬರು ಕಾಯುತ್ತಿರುತ್ತಾರೆ. ಕೆಲವು ಸಮ್ಮೇಳನಗಳಲ್ಲಿ ಕೊನೆಗೆ ಒಂದೆರಡು ದಿನ ಸ್ಪ್ರಿಂಟ್ ಅಂತ ಇರುತ್ತದೆ, ಎಲ್ಲರೂ ಒಟ್ಟಿಗೆ ಕೂತು ಕೋಡ್ ಬರೆಯುವುದು. ರಜೆ ಇದ್ದರೆ ಅದಕ್ಕೂ ಉಳಿಯಿರಿ.

ಇನ್ನೊಂದು. ಪಡಸಾಲೆಯಲ್ಲಿ ನಾಲ್ಕೈದು ಜನ ಗುಂಪಾಗಿ ನಿಂತು ಮಾತಾಡುವಾಗ ಪೂರ್ತಿ ಸುತ್ತುಗಟ್ಟಬೇಡಿ. ಕುದುರೆ ಲಾಳದ ಹಾಗೆ ಒಂದು ಕಡೆ ಬಾಯಿ ತೆರೆದಿರಲಿ. ಹೊಸಬರು ಬಂದು ಸೇರಬಹುದು. ಇದಕ್ಕೆ ಪ್ಯಾಕ್‌ಮ್ಯಾನ್ ನಿಯಮ ಅಂತ ಹೆಸರು, ಹಳೇ ವಿಡಿಯೊ ಗೇಮ್‌ನಲ್ಲಿ ಬಾಯಿ ತೆರೆದ ದುಂಡನೆಯ ಗೊಂಬೆಯ ಹೆಸರು ಅದು. ಯಾರಾದರೂ ಹೀಗೆ ಜಾಗ ಬಿಟ್ಟು ನಿಂತಿದ್ದರೆ ಅದು ನಿಮ್ಮ ಜಾಗ ಅಂತಲೇ ತಿಳಿದು ಹೋಗಿ ನಿಲ್ಲಿ.

ಮುಂದಿನ ಸಲ ಬೆಂಗಳೂರಿನಲ್ಲಿ ಇಂಥದ್ದೊಂದು ನಡೆದಾಗ ನಾನೂ ಬಂದಿರುತ್ತೇನೆ. ಹಾಲ್ ಒಳಗೆ ಹುಡುಕಬೇಡಿ, ಟೀ ಇಟ್ಟಿರುವ ಮೇಜಿನ ಹತ್ತಿರ ಇರುತ್ತೇನೆ. ನಿಮ್ಮ ಚೀಟಿ ತೋರಿಸಿ, ಕನ್ನಡದಲ್ಲೇ ಕೇಳಿ. ನಮಸ್ಕಾರ.