ಸೂಜಿ ಚುಚ್ಚದೆ ಒತ್ತಡವನ್ನು ಅಳೆಯುವ ಬಗೆ

ಕೇಳುಗರೆ, ನಮಸ್ಕಾರ.

ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ಅಂಗೈ ಬೆವರುತ್ತದೆ, ಎದೆ ಡವಡವ ಅನ್ನುತ್ತದೆ, ಬಾಯಿ ಒಣಗುತ್ತದೆ. ಬೇಡ ಅಂದರೂ ಇದು ನಿಲ್ಲುವುದಿಲ್ಲ, ಅಲ್ವಾ? ನಮ್ಮ ಅಪ್ಪಣೆಗೆ ಕಾಯದೆ ಸ್ವನಿಯಂತ್ರಿತ ನರವ್ಯೂಹ ಇದನ್ನೆಲ್ಲ ನಡೆಸುತ್ತದೆ. ಅದರಲ್ಲಿ ಸಿಂಪಥೆಟಿಕ್ ಭಾಗ ದೇಹವನ್ನು ಓಟಕ್ಕೆ ಅಣಿ ಮಾಡುತ್ತದೆ. ಪ್ಯಾರಾಸಿಂಪಥೆಟಿಕ್ ಭಾಗ ಮತ್ತೆ ತಣಿಸುತ್ತದೆ. ವಿದ್ಯಾರ್ಥಿಗಳಲ್ಲಿ ಇವೆರಡರ ಕೆಲಸ ಹೇಗಿದೆ ಅಂತ ತಿಳಿಯಲು ರಕ್ತ ತೆಗೆಯಲೇಬೇಕೆಂದಿಲ್ಲ.

ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆಯಿರಿ, ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ತಗ್ಗುತ್ತದೆ. ಇದು ದೋಷವಲ್ಲ, ತಣಿಸುವ ಪ್ಯಾರಾಸಿಂಪಥೆಟಿಕ್ ಭಾಗದ ಮುಖ್ಯ ನರವಾದ ವೇಗಸ್ ಚೆನ್ನಾಗಿ ಕೆಲಸ ಮಾಡುತ್ತಿರುವುದರ ಗುರುತು. ಈ ಏರಿಳಿತವನ್ನು ಪ್ರಯೋಗಾಲಯದಲ್ಲಿ ಇಸಿಜಿ ಹಾಕಿ ಅಳೆಯುತ್ತಾರೆ. ನಿಮಿಷಕ್ಕೆ 6 ಉಸಿರು, ಅಂದರೆ 5 ಸೆಕೆಂಡು ಒಳಗೆ, 5 ಸೆಕೆಂಡು ಹೊರಗೆ. ಆಗ ಹೃದಯದ ಗರಿಷ್ಠ, ಕನಿಷ್ಠ ವೇಗಗಳ ನಡುವೆ ಆರೋಗ್ಯವಂತ ಯುವಕ ಯುವತಿಯರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 15 ಬಡಿತಕ್ಕಿಂತ ಜಾಸ್ತಿ ವ್ಯತ್ಯಾಸ ಸಿಗುತ್ತದೆ.

ಸುಮ್ನೆ ಮಲಗಿದ್ದಾಗಲೂ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಇದಕ್ಕೆ ಹೃದಯಬಡಿತದ ವ್ಯತ್ಯಯ, ಎಚ್‌ಆರ್‌ವಿ, ಅನ್ನುತ್ತಾರೆ. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರು ಸೇರಿ ಇದನ್ನು ಅಳೆಯುವ ಕ್ರಮವನ್ನು ಗೊತ್ತುಮಾಡಿದರು. ಕಿರು ಅಳತೆಗೆ 5 ನಿಮಿಷದ ದಾಖಲೆ ಸಾಕು.

ಅಂಗೈ ಬೆವರಿನ ಕಥೆ ಬೇರೆ. ಬೆವರಿನ ಗ್ರಂಥಿಗಳಿಗೆ ಸಿಂಪಥೆಟಿಕ್ ನರದ ಸಂಪರ್ಕ ಮಾತ್ರ ಇದೆ. ಹಾಗಾಗಿ ಬೆರಳುಗಳಿಗೆ ಎರಡು ಪುಟ್ಟ ಎಲೆಕ್ಟ್ರೋಡ್ ಹಚ್ಚಿ ಚರ್ಮದ ವಿದ್ಯುತ್ ವಾಹಕತೆ ನೋಡಿದರೆ ಆ ಒಂದು ಭಾಗದ ಸುದ್ದಿ ನೇರವಾಗಿ ಸಿಗುತ್ತದೆ. ಮಲಗಿದವರನ್ನು ಎಬ್ಬಿಸಿ ನಿಲ್ಲಿಸಿ ರಕ್ತದೊತ್ತಡ ನೋಡುವುದೂ ಇದೆ. 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದು ಹಾಗೇ ಉಳಿದರೆ ವೈದ್ಯರಿಗೆ ತೋರಿಸಬೇಕು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಕೆಲವು ಉಪಕರಣಗಳು ಎಚ್‌ಆರ್‌ವಿಯ ನಿಧಾನದ ಏರಿಳಿತದ ಅಲೆಗಳ ಬಲವನ್ನು ವೇಗದ ಅಲೆಗಳ ಬಲದಿಂದ ಭಾಗಿಸಿ, ಎರಡೂ ನರಭಾಗಗಳ ಸಮತೋಲನ ಇಷ್ಟು ಅಂತ ಒಂದೇ ಅಂಕಿ ಕೊಡುತ್ತವೆ. ಆದರೆ ನಿಧಾನದ ಅಲೆಯಲ್ಲಿ ಎರಡೂ ನರಭಾಗಗಳ ಪಾಲಿದೆ. ಆ ಅಂಕಿ ನೋಡಿ ಒಬ್ಬ ಹುಡುಗಿಯನ್ನು ‘ಒತ್ತಡಕ್ಕೆ ತಾಳದವಳು’ ಅನ್ನುವುದು ಅನ್ಯಾಯ. ರಾತ್ರಿ ನಿದ್ದೆ ಕೆಟ್ಟಿದ್ದರೆ, ಆಗಷ್ಟೇ ಕಾಫಿ ಕುಡಿದಿದ್ದರೆ, ಮೆಟ್ಟಿಲು ಹತ್ತಿ ಬಂದಿದ್ದರೆ ಅಳತೆ ಬದಲಾಗುತ್ತದೆ. ಇಬ್ಬರು ವಿದ್ಯಾರ್ಥಿಗಳನ್ನು ಒಬ್ಬರಿಗೊಬ್ಬರು ಹೋಲಿಸುವುದಕ್ಕಿಂತ, ಒಬ್ಬರದೇ ಸಾಮಾನ್ಯ ದಿನದ ಅಳತೆಯನ್ನೂ ಪರೀಕ್ಷೆಯ ವಾರದ ಅಳತೆಯನ್ನೂ ಪಕ್ಕಪಕ್ಕ ಇಡಿ. ಎರಡನ್ನೂ ದಿನದ ಅದೇ ಹೊತ್ತಿನಲ್ಲಿ, ಅದೇ ಭಂಗಿಯಲ್ಲಿ, ಅವರ ಒಪ್ಪಿಗೆ ಪಡೆದೇ ತೆಗೆಯಿರಿ. ಫಲಿತಾಂಶವನ್ನು ಮೊದಲು ಅವರ ಕೈಗೇ ಕೊಡಿ.

ನಮಸ್ಕಾರ.